ಮನೆ ಬಾಗಿಲ ಪ್ರಶ್ನೆಗಳು: ಯಾರನ್ನು ಕೇಳಿದರು, ಹೇಗೆ ಕೇಳಿದರು?

ಕಳೆದ ಮೂವತ್ತು ದಿನಗಳಲ್ಲಿ ನಿಮ್ಮ ಮನೆಯಲ್ಲಿ ಎಷ್ಟು ಅಡುಗೆ ಎಣ್ಣೆ ಖರ್ಚಾಯಿತು? ಓದುವುದನ್ನು ಒಂದು ಕ್ಷಣ ನಿಲ್ಲಿಸಿ ಲೆಕ್ಕ ಹಾಕಿ ನೋಡಿ. ಎರಡು ಲೀಟರೇ, ಮೂರೇ? ನಡುವೆ ನೆಂಟರು ಬಂದಾಗ ಅವಸರದಲ್ಲಿ ತರಿಸಿದ ಅರ್ಧ ಲೀಟರಿನ ಪ್ಯಾಕೆಟ್ ಆ ಲೆಕ್ಕದಲ್ಲಿ ಸೇರಿತೇ? ಎಣ್ಣೆಯಾದರೂ ಪರವಾಗಿಲ್ಲ. ಕೊತ್ತಂಬರಿ ಸೊಪ್ಪು, ಹಸಿಮೆಣಸು, ಬಾಗಿಲಿಗೆ ಬಂದ ಮೀನು, ಮಕ್ಕಳು ಶಾಲೆಯ ಪಕ್ಕದ ಅಂಗಡಿಯಲ್ಲಿ ತಿಂದ ಚಾಕಲೇಟು ಇವೆಲ್ಲ ಎಷ್ಟಾಯಿತು ಎಂದು ಕೇಳಿದರೆ ಏನು ಹೇಳುತ್ತೀರಿ?

2022ರ ಆಗಸ್ಟ್‌ನಿಂದ 2023ರ ಜುಲೈವರೆಗೆ ನಮ್ಮ ದೇಶದ 2,61,746 ಮನೆಗಳಲ್ಲಿ ಇಂಥ ಪ್ರಶ್ನೆಗಳನ್ನು ಕೇಳಲಾಯಿತು. ಅದು ಕುಟುಂಬಗಳ ಅನುಭೋಗ ವೆಚ್ಚದ ಸಮೀಕ್ಷೆ. ಎಲ್ಲರ ಮನೆಗೂ ಹೋಗುವ ಜನಗಣತಿಯಂತಲ್ಲ ಇದು. ಕೆಲವು ಮನೆಗಳನ್ನು ಮಾತ್ರ ಆರಿಸಿ, ಅವರ ಉತ್ತರದಿಂದ ಇಡೀ ದೇಶದ ಸ್ಥಿತಿಯನ್ನು ಅಂದಾಜು ಮಾಡುವ ಕ್ರಮ. ಹೀಗೆ ಆರಿಸಿದ ಒಂದೊಂದು ಮನೆಯೂ ಸುಮಾರು ಸಾವಿರ ಮನೆಗಳ ಪರವಾಗಿ ಮಾತಾಡುತ್ತದೆ. ಗ್ರಾಮೀಣ ಭಾರತದಲ್ಲಿ ಒಬ್ಬರ ತಿಂಗಳ ಸರಾಸರಿ ಖರ್ಚು 3,773 ರೂಪಾಯಿ, ನಗರದಲ್ಲಿ 6,459 ರೂಪಾಯಿ ಎಂದು ಪತ್ರಿಕೆಗಳಲ್ಲಿ ಬಂದ ಸುದ್ದಿ ಈ ಸಮೀಕ್ಷೆಯದ್ದೇ.

ಇದರಿಂದ ನಮಗೇನು ಎಂದು ನೀವು ಕೇಳಬಹುದು. 2013ರ ಆಹಾರ ಭದ್ರತಾ ಕಾಯ್ದೆ ಬಂದಾಗ ಯಾವ ರಾಜ್ಯದಲ್ಲಿ ಶೇಕಡಾ ಎಷ್ಟು ಜನರಿಗೆ ಅಗ್ಗದ ಧಾನ್ಯ ಎಂಬುದನ್ನು 2011-12ರ ಇದೇ ಬಗೆಯ ಸಮೀಕ್ಷೆಯ ಆಧಾರದ ಮೇಲೆ ನಿಗದಿಪಡಿಸಲಾಯಿತು. ಬೆಲೆ ಏರಿಕೆಯ ಸೂಚ್ಯಂಕದಲ್ಲಿ ಅಕ್ಕಿಗೆ ಎಷ್ಟು ತೂಕ, ಬಸ್ ಟಿಕೆಟಿಗೆ ಎಷ್ಟು ತೂಕ ಎಂಬುದೂ ಇಲ್ಲಿಂದಲೇ ಬರುತ್ತದೆ. ಮುಸ್ಲಿಮರ ಶಿಕ್ಷಣ ಮತ್ತು ಉದ್ಯೋಗದ ಸ್ಥಿತಿಯ ಬಗ್ಗೆ 2006ರಲ್ಲಿ ಸಾಚಾರ್ ಸಮಿತಿ ಮಂಡಿಸಿದ ವರದಿಯ ಬಹುಪಾಲು ಕೋಷ್ಟಕಗಳು ಜನಗಣತಿ ಮತ್ತು ರಾಷ್ಟ್ರೀಯ ಮಾದರಿ ಸಮೀಕ್ಷೆಯ ಅಂಕಿಅಂಶಗಳಿಂದಲೇ ತಯಾರಾದವು. ಹಾಗಾಗಿ ಯಾರೋ ಒಬ್ಬ ಗೃಹಿಣಿ ಒಲೆಯ ಮೇಲಿನ ಅನ್ನದ ಕಡೆ ಒಂದು ಕಣ್ಣಿಟ್ಟುಕೊಂಡು ಕೊಟ್ಟ ಉತ್ತರ ಬಹಳ ದೂರ ಹೋಗುತ್ತದೆ. ಆ ಉತ್ತರ ಸರಿಯಾಗಿರುವುದು ಆಕೆಯ ಪ್ರಾಮಾಣಿಕತೆಯನ್ನು ಮಾತ್ರ ಅವಲಂಬಿಸಿಲ್ಲ. ಪ್ರಶ್ನೆ ಹೇಗೆ ಕೇಳಿದರು ಎಂಬುದರ ಮೇಲೂ ಅದು ನಿಂತಿದೆ.

ಏಳು ದಿನವೋ, ಮೂವತ್ತು ದಿನವೋ?

ನಮ್ಮ ರಾಷ್ಟ್ರೀಯ ಮಾದರಿ ಸಮೀಕ್ಷೆ ಶುರುವಾದದ್ದು 1950ರಲ್ಲಿ. ಅದರ ಹಿಂದಿದ್ದವರು ಸಂಖ್ಯಾಶಾಸ್ತ್ರಜ್ಞ ಪ್ರಶಾಂತ ಚಂದ್ರ ಮಹಾಲನೋಬಿಸ್. ಅವರ ಜನ್ಮದಿನವಾದ ಜೂನ್ 29ನ್ನು 2007ರಿಂದ ರಾಷ್ಟ್ರೀಯ ಸಾಂಖ್ಯಿಕ ದಿನವಾಗಿ ಆಚರಿಸಲಾಗುತ್ತಿದೆ. ಜನರನ್ನು ಎಷ್ಟು ದಿನ ಹಿಂದಿನದ್ದು ಕೇಳಬೇಕು ಎಂಬ ಪ್ರಶ್ನೆ ಆರಂಭದಲ್ಲೇ ಅವರ ಮುಂದೆ ಬಂತು. 1950ರ ದಶಕದಲ್ಲಿ ಬಂಗಾಳದಲ್ಲಿ ಪ್ರಯೋಗ ನಡೆಯಿತು. ಕೆಲವು ಮನೆಗಳನ್ನು ವಾರದ ಖರ್ಚು ಕೇಳಿದರು, ಕೆಲವನ್ನು ತಿಂಗಳ ಖರ್ಚು ಕೇಳಿದರು, ಇನ್ನು ಕೆಲವು ಮನೆಗಳಲ್ಲಿ ದಿನವೂ ತಕ್ಕಡಿ ಹಿಡಿದು ತೂಗಿದರು. ತೂಕಕ್ಕೆ ಹತ್ತಿರ ಬಂದದ್ದು ತಿಂಗಳ ಲೆಕ್ಕ. ಅಲ್ಲಿಂದ ಮುಂದೆ ದಶಕಗಳ ಕಾಲ ಭಾರತದಲ್ಲಿ ಮೂವತ್ತು ದಿನದ ಪ್ರಶ್ನೆಯೇ ನಡೆದುಬಂತು.

ಆದರೆ ಬೇರೆ ದೇಶಗಳಲ್ಲಿ ಏಳು ದಿನದ ಪ್ರಶ್ನೆ ರೂಢಿಯಲ್ಲಿತ್ತು. 1994ರಿಂದ 1998ರವರೆಗೆ ನಮ್ಮಲ್ಲೂ ಕೆಲವು ಮನೆಗಳಿಗೆ ಹಳೆಯ ಪ್ರಶ್ನಾವಳಿ, ಕೆಲವಕ್ಕೆ ಹೊಸದು ಎಂದು ಹಂಚಿ ನೋಡಲಾಯಿತು. ಹೊಸದರಲ್ಲಿ ಊಟ ತಿಂಡಿಗೆ ಏಳು ದಿನ, ಬಟ್ಟೆಬರೆ ಮತ್ತು ಪಾತ್ರೆಪಗಡಕ್ಕೆ ಒಂದು ವರ್ಷ. ಫಲಿತಾಂಶ ಏನಾಯಿತು ಗೊತ್ತೇ? ಅದೇ ದೇಶ, ಅದೇ ವರ್ಷ, ಅದೇ ಬಡತನದ ರೇಖೆ. ಆದರೆ ಹೊಸ ಪ್ರಶ್ನೆ ಕೇಳಿದ ಕಡೆ ಬಡವರ ಸಂಖ್ಯೆ ಸುಮಾರು ಅರ್ಧಕ್ಕಿಳಿಯಿತು! ಯಾರ ಸಂಬಳವೂ ಹೆಚ್ಚಿರಲಿಲ್ಲ, ಒಂದು ಕಿಲೋ ಅಕ್ಕಿಯೂ ಹೆಚ್ಚು ಬೆಳೆದಿರಲಿಲ್ಲ. ದಿನಗಳ ಸಂಖ್ಯೆ ಬದಲಾಗಿತ್ತು, ಅಷ್ಟೇ.

ಇದು ಹೇಗೆ? ನೆನಪು ಎರಡು ರೀತಿಯಲ್ಲಿ ಮೋಸ ಮಾಡುತ್ತದೆ. ಮೂರು ವಾರಗಳ ಹಿಂದೆ ತಂದ ಹೀರೆಕಾಯಿ ಮರೆತೇ ಹೋಗುತ್ತದೆ. ಹಾಗಾಗಿ ತಿಂಗಳ ಲೆಕ್ಕದಲ್ಲಿ ತರಕಾರಿ ಕಡಿಮೆ ಬೀಳುತ್ತದೆ. ಇದಕ್ಕೆ ತದ್ವಿರುದ್ಧವಾಗಿ, ಹತ್ತು ದಿನದ ಹಿಂದೆ ತಂದ ಕೋಳಿ ಮೊನ್ನೆಯಷ್ಟೇ ತಂದಂತೆ ಅನಿಸಿ ವಾರದ ಲೆಕ್ಕದೊಳಗೆ ನುಸುಳಿಬಿಡುತ್ತದೆ. ಹಬ್ಬದ ಬಟ್ಟೆಯ ವಿಷಯದಲ್ಲಂತೂ ಇದು ಇನ್ನೂ ಹೆಚ್ಚು. ಈದ್‌ಗೆ ತಂದ ಬಟ್ಟೆ ಎರಡು ತಿಂಗಳು ಕಳೆದರೂ ಮೊನ್ನೆ ತಂದಂತೆಯೇ ಇರುತ್ತದೆ.

1999-2000ರ ದೊಡ್ಡ ಸಮೀಕ್ಷೆಯಲ್ಲಿ ಇಬ್ಬರನ್ನೂ ಸಮಾಧಾನಪಡಿಸಲು ಹೋಗಿ ಒಂದು ವಿಚಿತ್ರ ನಡೆಯಿತು. ಒಂದೇ ಹಾಳೆಯ ಮೇಲೆ ಪಕ್ಕಪಕ್ಕದ ಕಾಲಂಗಳಲ್ಲಿ ಏಳು ದಿನದ್ದು, ಮೂವತ್ತು ದಿನದ್ದು ಎರಡನ್ನೂ ಬರೆದುಕೊಂಡರು. ನೀವೇ ಯೋಚಿಸಿ. ವಾರಕ್ಕೆ ಅರ್ಧ ಕಿಲೋ ಬೇಳೆ ಎಂದು ಹೇಳಿದ ಬಾಯಿ ಮರುಕ್ಷಣವೇ ತಿಂಗಳಿಗೆ ಒಂದು ಕಿಲೋ ಎಂದೀತೇ? ಮನಸ್ಸಿನಲ್ಲೇ ನಾಲ್ಕರಿಂದ ಗುಣಿಸಿ ಎರಡು ಕಿಲೋ ಎನ್ನುತ್ತದೆ. ಬರೆದುಕೊಳ್ಳುವವರೂ ಹೊಂದಾಣಿಕೆ ಬಯಸುತ್ತಾರೆ. ಹೀಗೆ ಒಂದು ಉತ್ತರ ಇನ್ನೊಂದನ್ನು ಕೆಡಿಸಿತು. 1993-94ರಲ್ಲಿ ಶೇ. 36ರಷ್ಟಿದ್ದ ಬಡತನ ಶೇ. 26.1ಕ್ಕೆ ಇಳಿದಿದೆ ಎಂದು ಘೋಷಣೆಯಾಯಿತು. ನಿಜವಾಗಿ ಎಷ್ಟು ಇಳಿದಿತ್ತು ಎಂಬ ಬಗ್ಗೆ ಅರ್ಥಶಾಸ್ತ್ರಜ್ಞರು ವರ್ಷಗಟ್ಟಲೆ ವಾದಿಸಿದರು. ಮುಂದೆ 2015ರಲ್ಲಿ ನೊಬೆಲ್ ಪಡೆದ ಆಂಗಸ್ ಡೀಟನ್ ಅವರು ವ್ಯಾಲೆರಿ ಕೋಝೆಲ್ ಜೊತೆ ಸೇರಿ ಆ ವಾದಗಳನ್ನೆಲ್ಲ 2005ರಲ್ಲಿ ಒಂದು ಪುಸ್ತಕವಾಗಿಯೇ ಹೊರತಂದರು.

ಕೊನೆಗೆ ದಾರಿ ಸಿಕ್ಕಿದ್ದು ಮತ್ತೆ ತಕ್ಕಡಿಯಿಂದಲೇ. ತೂಗಿ ನೋಡಿದಾಗ ತಿಳಿದದ್ದು ಇಷ್ಟು: ಎಲ್ಲ ಪದಾರ್ಥಕ್ಕೂ ಒಂದೇ ಅವಧಿ ಹೊಂದುವುದಿಲ್ಲ. ಅಕ್ಕಿ, ಬೇಳೆ, ಸಕ್ಕರೆ, ಉಪ್ಪು ನಾವು ತಿಂಗಳ ಲೆಕ್ಕದಲ್ಲಿ ತರುವಂಥವು, ತಿಂಗಳದ್ದನ್ನೇ ಕೇಳಬೇಕು. ತರಕಾರಿ, ಮೀನು, ಮಾಂಸ, ಮೊಟ್ಟೆ, ಹಣ್ಣು ಇವನ್ನು ವಾರದ್ದು ಕೇಳಬೇಕು. ಬಟ್ಟೆ, ಚಪ್ಪಲಿ, ಶಾಲೆಯ ಫೀಸು, ಆಸ್ಪತ್ರೆಗೆ ಸೇರಿದ ಖರ್ಚು ವರ್ಷದ್ದು. ಯಾವುದೇ ಮನೆಯ ಅಡುಗೆಮನೆಯಲ್ಲಿ ನಿಂತಿದ್ದವರಿಗೆ ಇದು ಮೊದಲೇ ಹೊಳೆಯುತ್ತಿತ್ತೇನೋ. ಆದರೆ ದಿಲ್ಲಿಯ ಕಚೇರಿಗೆ ಇದು ತಲುಪಲು ಐವತ್ತು ವರ್ಷ ಬೇಕಾಯಿತು.

ಒಂದೇ ಕೂರಿಕೆಯಲ್ಲಿ ನಾನೂರು ಪ್ರಶ್ನೆ

ಇನ್ನೊಂದು ತೊಂದರೆ ಸುಸ್ತು. ಹಿಂದೆ ಸಮೀಕ್ಷಕರು ಒಂದೇ ಭೇಟಿಯಲ್ಲಿ ಎಲ್ಲವನ್ನೂ ಮುಗಿಸುತ್ತಿದ್ದರು. ಇನ್ನೂರನೆಯ ಪದಾರ್ಥಕ್ಕೆ ಬರುವ ಹೊತ್ತಿಗೆ ಉತ್ತರಿಸುವವರಿಗೂ ಸಾಕು, ಕೇಳುವವರಿಗೂ ಸಾಕು. ಬೇಗ ಮುಗಿಸಲು 'ಇಲ್ಲ' ಎಂಬ ಉತ್ತರವೇ ಸುಲಭ. 'ಇದೆ' ಎಂದರೆ ಎಷ್ಟು, ಎಲ್ಲಿಂದ, ಯಾವ ಬೆಲೆ ಎಂದು ಮತ್ತೆ ನಾಲ್ಕು ಪ್ರಶ್ನೆ ಬರುತ್ತವಲ್ಲ!

2022-23ರಲ್ಲಿ ಪದಾರ್ಥಗಳ ಪಟ್ಟಿ 347ರಿಂದ 405ಕ್ಕೆ ಏರಿತು. ಆದರೆ ಒಂದೇ ಮನೆಗೆ ಮೂರು ಸಲ ಹೋಗುವ ಕ್ರಮ ಬಂತು. ಒಮ್ಮೆ ಊಟ ತಿಂಡಿಯ ಲೆಕ್ಕ, ಒಮ್ಮೆ ಸಾಬೂನು, ಕರೆಂಟು, ಬಸ್ಸಿನಂಥವು, ಇನ್ನೊಮ್ಮೆ ಬಾಳಿಕೆ ಬರುವ ವಸ್ತುಗಳು. ಕಾಗದದ ಬದಲು ಟ್ಯಾಬ್ ಬಂತು. ನಾಲ್ಕು ಜನರ ಮನೆಯಲ್ಲಿ ತಿಂಗಳಿಗೆ ಇನ್ನೂರು ಕಿಲೋ ಉಪ್ಪು ಎಂದು ಬೆರಳು ತಪ್ಪಿ ಒತ್ತಿದರೆ ಆ ಮನೆಯ ಜಗಲಿಯಲ್ಲಿರುವಾಗಲೇ ಅದನ್ನು ತಡೆಯಬಹುದು. ವಿಶ್ವಬ್ಯಾಂಕ್ 1985ರಲ್ಲಿ ಐವರಿಕೋಸ್ಟ್‌ನಲ್ಲಿ ತನ್ನ ಜೀವನಮಟ್ಟದ ಸಮೀಕ್ಷೆಯನ್ನು ಆರಂಭಿಸಿದಾಗ ಕಂಪ್ಯೂಟರುಗಳನ್ನು ಊರುಗಳ ಹತ್ತಿರಕ್ಕೇ ಒಯ್ದದ್ದು ಇದೇ ಕಾರಣಕ್ಕೆ. ತಪ್ಪು ರಾಜಧಾನಿ ತಲುಪಿದ ಮೇಲೆ ಅದನ್ನು ತಿದ್ದುವವರಿಲ್ಲ.

ಶ್ರೀಮಂತರು ತಪ್ಪಿಸಿಕೊಳ್ಳುವುದು ಬೇರೆಯೇ ಕಥೆ. ಹಳ್ಳಿಯ ಹೆಂಚಿನ ಮನೆಯಲ್ಲಿ ಚಾಪೆ ಹಾಸಿ ಕೂರಿಸಿ ನೀರು ಕೊಡುತ್ತಾರೆ. ನಗರದ ದೊಡ್ಡ ಅಪಾರ್ಟ್‌ಮೆಂಟಿನಲ್ಲಿ ಕಾವಲುಗಾರನೇ ಗೇಟಿನಿಂದ ವಾಪಸು ಕಳಿಸುತ್ತಾನೆ. ಹಾಗಾಗಿ 2022-23ರಲ್ಲಿ ಹತ್ತು ಲಕ್ಷಕ್ಕಿಂತ ಹೆಚ್ಚು ಬೆಲೆಯ ಕಾರಿರುವ ನಗರದ ಮನೆಗಳು ಮಾದರಿಯೊಳಗೆ ಬರಲೇಬೇಕೆಂದು ಪ್ರತ್ಯೇಕ ಗುಂಪು ಮಾಡಿದರು. ಒಳ್ಳೆಯ ಕ್ರಮವೇ. ಆದರೆ ವಿಧಾನ ಇಷ್ಟೆಲ್ಲ ಬದಲಾದ ಮೇಲೆ 2011-12ರ ಅಂಕಿಯ ಪಕ್ಕ 2022-23ರ ಅಂಕಿ ಇಟ್ಟು 'ಇಷ್ಟು ಬಡತನ ಹೋಯಿತು' ಎಂದು ಹೇಳುವವರ ಮಾತನ್ನು ಸ್ವಲ್ಪ ಎಚ್ಚರದಿಂದ ಕೇಳಬೇಕು. ನಡುವೆ 2017-18ರಲ್ಲಿ ನಡೆದ ಸಮೀಕ್ಷೆಯ ಫಲಿತಾಂಶವನ್ನು ಗುಣಮಟ್ಟ ಸರಿಯಿಲ್ಲವೆಂದು ಸರ್ಕಾರ 2019ರಲ್ಲಿ ಕೈಬಿಟ್ಟದ್ದರಿಂದ ಹನ್ನೊಂದು ವರ್ಷಗಳ ನಡುವೆ ಒಂದು ಮೆಟ್ಟಿಲೇ ಇಲ್ಲ.

ಆಫ್ರಿಕಾದ ತಾಂಜಾನಿಯದಲ್ಲಿ 2007-08ರಲ್ಲಿ ನಡೆದ ಪ್ರಯೋಗವನ್ನು ಇಲ್ಲಿ ಹೇಳಲೇಬೇಕು. ನಾಲ್ಕು ಸಾವಿರ ಮನೆಗಳನ್ನು ಚೀಟಿ ಎತ್ತಿದಂತೆ ಎಂಟು ಗುಂಪು ಮಾಡಿ, ಎಂಟು ರೀತಿಯಲ್ಲಿ ಆಹಾರದ ಪ್ರಶ್ನೆ ಕೇಳಿದರು. ಕೆಲವರಿಗೆ ಉದ್ದ ಪಟ್ಟಿ, ಕೆಲವರಿಗೆ ಚಿಕ್ಕದು, ಕೆಲವರಿಗೆ ವಾರದ್ದು, ಕೆಲವರಿಗೆ ದಿನಚರಿ ಪುಸ್ತಕ. ಒಂದು ವಿಧಾನದ ಪ್ರಕಾರ ಹಸಿದವರು ಶೇ. 19, ಇನ್ನೊಂದರ ಪ್ರಕಾರ ಶೇ. 68. ಹಸಿವಿನ ಬಗ್ಗೆ ದೇಶ ದೇಶಗಳನ್ನು ಹೋಲಿಸುವ ಪಟ್ಟಿಗಳನ್ನು ಓದುವಾಗ ಈ ಎರಡು ಅಂಕಿ ನೆನಪಿನಲ್ಲಿರಲಿ.

'ಏನೂ ಇಲ್ಲ, ಮನೆಯಲ್ಲೇ ಇದ್ದಾಳೆ'

ಈಗ ನಿಮಗೆ ಹೆಚ್ಚು ಹತ್ತಿರವಾದ ವಿಷಯಕ್ಕೆ ಬರೋಣ. ಸಮೀಕ್ಷಕರು ಬಂದಾಗ ಮಾತಾಡುವುದು ಸಾಮಾನ್ಯವಾಗಿ ಮನೆಯ ಯಜಮಾನರು.

"ನಿಮ್ಮ ಹೆಂಡತಿ ಏನು ಕೆಲಸ ಮಾಡ್ತಾರೆ?"

"ಅವಳಾ? ಏನೂ ಇಲ್ಲ ಸಾರ್, ಮನೆಯಲ್ಲೇ ಇದ್ದಾಳೆ."

ಅಷ್ಟೊತ್ತಿಗೆ ಆ ಹೆಂಡತಿ ಒಳಗೆ ಬೀಡಿ ಕಟ್ಟುತ್ತಿರಬಹುದು. ಸಂಜೆಯೊಳಗೆ ಬ್ರಾಂಚಿಗೆ ಒಪ್ಪಿಸಬೇಕಾದ ಕಟ್ಟು ಅದು. ಅಥವಾ ನೆರೆಮನೆಯವರ ಮಗಳ ಮದುವೆಗೆ ಬಟ್ಟೆ ಹೊಲಿಯುತ್ತಿರಬಹುದು, ಆಡಿಗೆ ಸೊಪ್ಪು ತರಲು ಹೋಗಿರಬಹುದು. ರಾಷ್ಟ್ರೀಯ ಮಾದರಿ ಸಮೀಕ್ಷೆಯಲ್ಲಿ ಮನೆಗೆಲಸ ಮಾತ್ರ ಮಾಡುವವರಿಗೆ 92 ಎಂಬ ಸಂಕೇತ. ಮನೆಗೆಲಸದ ಜೊತೆ ಸೌದೆ ತರುವುದು, ಮನೆಯವರಿಗಾಗಿ ಹೊಲಿಯುವುದು, ನೇಯುವುದು ಮಾಡುವವರಿಗೆ 93. ಎರಡೂ ಸಂಕೇತದವರು ದುಡಿಯುವವರ ಲೆಕ್ಕದಿಂದ ಹೊರಗೆ. ಬೀಡಿ ಕಟ್ಟುವ ಹೆಣ್ಣುಮಗಳು ನಿಯಮದ ಪ್ರಕಾರ ಕಾರ್ಮಿಕಳೇ. ಆದರೆ ಆ 'ಏನೂ ಇಲ್ಲ' ಎಂಬ ಉತ್ತರ ಆಕೆಯನ್ನು ನೇರವಾಗಿ 92ಕ್ಕೆ ತಳ್ಳುತ್ತದೆ.

ತಪ್ಪು ಗಂಡನದ್ದು ಮಾತ್ರವಲ್ಲ. ಎಷ್ಟೋ ಸಲ ಹೆಂಗಸರೇ ಹಾಗೆ ಹೇಳುತ್ತಾರೆ. 'ಕೆಲಸ' ಎಂಬ ಪದಕ್ಕೆ ನಮ್ಮ ಕಿವಿಗೆ ಕೇಳಿಸುವ ಅರ್ಥ ಆಫೀಸು, ಶಾಲೆ, ಸಂಬಳ. 'ಕಳೆದ ವಾರ ಮಾರುವುದಕ್ಕೆಂದು ಏನಾದರೂ ಮಾಡಿದಿರಾ? ಹೊಲದಲ್ಲಿ, ಅಂಗಡಿಯಲ್ಲಿ ಒಂದು ಗಂಟೆಯಾದರೂ ಕೂತಿದ್ದಿರಾ? ದನ, ಆಡು, ಕೋಳಿ ನೋಡಿಕೊಳ್ಳುವವರು ಯಾರು?' ಎಂದು ಬಿಡಿಸಿ ಕೇಳಿದರೆ ಉತ್ತರವೇ ಬೇರೆ. ತಾಂಜಾನಿಯದ ಮತ್ತೊಂದು ಪ್ರಯೋಗ ಇದನ್ನೇ ತೋರಿಸಿತು. ಅದರಲ್ಲಿ ಒಂದು ಸೋಜಿಗವೂ ಇತ್ತು. ಒಬ್ಬರ ಪರವಾಗಿ ಇನ್ನೊಬ್ಬರು ಉತ್ತರಿಸಿದಾಗ ಹೆಂಗಸರ ಲೆಕ್ಕ ಕೆಡುತ್ತದೆ ಎಂದು ನಾವು ಎಣಿಸುತ್ತೇವೆ. ಅಲ್ಲಿ ಕಡಿಮೆಯಾಗಿ ಕಂಡದ್ದು ಗಂಡಸರ ದುಡಿಮೆ! ಮನೆಯ ಬೇರೆಯವರು ಅವರ ಹೊಲದ ಕೆಲಸವನ್ನು ಪೂರ್ತಿ ಹೇಳಲಿಲ್ಲ. ಇದನ್ನು ಓದಿ ಯಜಮಾನರು ಸ್ವಲ್ಪ ಯೋಚಿಸಬಹುದು.

ಮನೆಯೊಳಗಿನ ದುಡಿಮೆಯನ್ನು ಹಿಡಿಯಲು ಇನ್ನೊಂದು ಉಪಾಯ ಸಮಯದ ಸಮೀಕ್ಷೆ. 'ನೀವು ಕೆಲಸ ಮಾಡುತ್ತೀರಾ?' ಎಂದು ಅದು ಕೇಳುವುದೇ ಇಲ್ಲ. ನಿನ್ನೆ ಬೆಳಗಿನ ಜಾವ ನಾಲ್ಕು ಗಂಟೆಯಿಂದ ಇಂದು ನಾಲ್ಕು ಗಂಟೆಯವರೆಗೆ ಅರ್ಧರ್ಧ ಗಂಟೆಯಂತೆ ಏನೇನು ಮಾಡಿದಿರಿ ಎಂದು ಕೇಳುತ್ತದೆ. 1998-99ರಲ್ಲಿ ಆರು ರಾಜ್ಯಗಳಲ್ಲಿ ಪ್ರಯೋಗವಾಗಿ ನಡೆದ ಇದು ಇಡೀ ದೇಶಕ್ಕೆ ಬಂದದ್ದು 2019ರಲ್ಲಿ. ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ದಿನಕ್ಕೆ 299 ನಿಮಿಷ ಕೊಟ್ಟಿದ್ದರು, ಮನೆಗೆಲಸ ಮಾಡುವ ಗಂಡಸರು 97 ನಿಮಿಷ. 2024ರಲ್ಲಿ ಮತ್ತೆ ಕೇಳಿದಾಗ 289 ಮತ್ತು 88. ಹೆಂಗಸರದ್ದು ಹತ್ತು ನಿಮಿಷ ಇಳಿಯಿತು, ನಿಜ. ಗಂಡಸರದ್ದೂ ಒಂಬತ್ತು ನಿಮಿಷ ಇಳಿಯಿತು! ಅದೂ ಮನೆಗೆಲಸ ಮಾಡುವ ಗಂಡಸರ ಲೆಕ್ಕ ಮಾತ್ರ. ನೂರರಲ್ಲಿ ಎಪ್ಪತ್ತಕ್ಕೂ ಹೆಚ್ಚು ಗಂಡಸರು ಆ ದಿನ ಆ ಕಡೆ ತಲೆಯೇ ಹಾಕಿರಲಿಲ್ಲ.

ಪಕ್ಕದಲ್ಲಿ ಅತ್ತೆ ಕೂತಿದ್ದರೆ?

ಎಣ್ಣೆಯ ಲೆಕ್ಕವನ್ನು ಯಾರ ಎದುರಿಗಾದರೂ ಹೇಳಬಹುದು. ಆದರೆ 'ನಿಮ್ಮ ಗಂಡ ಎಂದಾದರೂ ಹೊಡೆದಿದ್ದಾರಾ?' ಎಂಬ ಪ್ರಶ್ನೆಗೆ ಅತ್ತೆ, ನಾದಿನಿ, ಅಥವಾ ಆ ಗಂಡನೇ ಪಕ್ಕದಲ್ಲಿ ಕೂತಿರುವಾಗ ಯಾರು ಉತ್ತರಿಸಿಯಾರು? ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಇದಕ್ಕೆ ಬಿಗಿಯಾದ ನಿಯಮಗಳಿವೆ. ಹೆಂಗಸರನ್ನು ಹೆಂಗಸರೇ ಪ್ರಶ್ನಿಸಬೇಕು. ಒಂದು ಮನೆಯಲ್ಲಿ ಒಬ್ಬಳಿಗೆ ಮಾತ್ರ ಈ ಪ್ರಶ್ನೆ ಹಾಕಬೇಕು, ಏಕೆಂದರೆ ಇಬ್ಬರಿಗೆ ಕೇಳಿದರೆ ಒಬ್ಬಳಿಂದ ಇನ್ನೊಬ್ಬಳ ಮಾತು ಹೊರಬೀಳಬಹುದು. ಏಕಾಂತ ಸಿಗದಿದ್ದರೆ ಆ ಭಾಗವನ್ನೇ ಬಿಟ್ಟು ಮುಂದೆ ಹೋಗಬೇಕು. ಅಂಕಿ ಸಿಗದಿದ್ದರೂ ಚಿಂತೆಯಿಲ್ಲ, ಸಮೀಕ್ಷಕರು ಹೊರಟುಹೋದ ಮೇಲೆ ಆಕೆಗೆ ಏಟು ಬೀಳಬಾರದು.

ನಮ್ಮ ಕರ್ನಾಟಕದ ಅಂಕಿ ಇಲ್ಲಿ ಬೆಚ್ಚಿಬೀಳಿಸುವಂತಿದೆ. ಮದುವೆಯಾದ 18ರಿಂದ 49 ವಯಸ್ಸಿನ ಹೆಂಗಸರಲ್ಲಿ ಗಂಡನಿಂದ ಹಿಂಸೆ ಅನುಭವಿಸಿದ್ದೇವೆ ಎಂದವರು 2015-16ರಲ್ಲಿ ಶೇ. 20.6. 2019ರ ದ್ವಿತೀಯಾರ್ಧದಲ್ಲಿ ಕೇಳಿದಾಗ ಶೇ. 44.4, ದೇಶದಲ್ಲೇ ಅತಿ ಹೆಚ್ಚು. ಲಾಕ್‌ಡೌನ್ ಇನ್ನೂ ಬಂದಿರಲಿಲ್ಲ. ನಾಲ್ಕು ವರ್ಷಗಳಲ್ಲಿ ಕರ್ನಾಟಕದ ಗಂಡಂದಿರು ಎರಡು ಪಟ್ಟು ಕ್ರೂರಿಗಳಾದರೇ? ಅಥವಾ ಮೊದಲ ಸಲ ಹೇಳದಿದ್ದವರು ಎರಡನೆಯ ಸಲ ಬಾಯಿ ಬಿಟ್ಟರೇ? ಕೇಳಿದವರ ತರಬೇತಿ ಬೇರೆಯಾಗಿತ್ತೇ? ಅಂಕಿ ಒಂದೇ ಇದನ್ನು ಹೇಳಲಾರದು. ಇಂಥ ವಿಷಯದಲ್ಲಿ ಅಂಕಿ ತಪ್ಪುವುದಾದರೆ ಹೆಚ್ಚಾಗಿ ಕಡಿಮೆಯ ಕಡೆಗೇ ತಪ್ಪುತ್ತದೆ ಎಂಬುದು ನನ್ನ ಎಣಿಕೆ. ಇಲ್ಲದ ಏಟನ್ನು ಅಪರಿಚಿತರ ಮುಂದೆ ಹೇಳಿಕೊಳ್ಳುವವರು ಅಪರೂಪ, ಬಿದ್ದ ಏಟನ್ನು ನುಂಗಿಕೊಳ್ಳುವವರು ಎಲ್ಲ ಓಣಿಯಲ್ಲೂ ಇದ್ದಾರೆ.

ಒಂದೇ ಒಲೆ, ಒಂದೇ ಮನೆ

'ಕುಟುಂಬ' ಎಂದರೆ ಯಾರು? ಸಮೀಕ್ಷೆಗೆ ರಕ್ತಸಂಬಂಧ ಮುಖ್ಯವಲ್ಲ, ಅಡುಗೆಮನೆ ಮುಖ್ಯ. ಒಂದೇ ಒಲೆಯಲ್ಲಿ ಬೆಂದದ್ದನ್ನು ಉಣ್ಣುತ್ತಾ ಒಟ್ಟಿಗೆ ಬಾಳುವವರು ಒಂದು ಕುಟುಂಬ. ಒಂದೇ ಸೂರಿನಡಿ ಅಣ್ಣತಮ್ಮಂದಿರು ಬೇರೆ ಬೇರೆ ಅಡುಗೆ ಮಾಡಿಕೊಂಡರೆ ಅದು ಎರಡು ಕುಟುಂಬ. ಭಟ್ಕಳದಲ್ಲೋ ಮಂಗಳೂರಿನಲ್ಲೋ ಯಜಮಾನರು ಗಲ್ಫ್‌ನಲ್ಲಿರುವ ಮನೆಗೆ ಹೋದರೆ ಅವರು ಆ ಮನೆಯ ಸದಸ್ಯರ ಪಟ್ಟಿಯಲ್ಲಿ ಇರುವುದಿಲ್ಲ, ಅಲ್ಲಿ ಉಣ್ಣುತ್ತಿಲ್ಲವಲ್ಲ! ಅವರು ಕಳಿಸಿದ ಹಣದಿಂದ ನಡೆಯುವ ಖರ್ಚು ಮಾತ್ರ ಪಟ್ಟಿಯಲ್ಲಿರುತ್ತದೆ. ಹೊರಗಿರುವವರ ಬಗ್ಗೆಯೇ ಕೇಳುವ ಸಮೀಕ್ಷೆಯನ್ನು ಕೇರಳದಲ್ಲಿ ತಿರುವನಂತಪುರದ ಅಭಿವೃದ್ಧಿ ಅಧ್ಯಯನ ಕೇಂದ್ರ 1998ರಿಂದ ನಡೆಸಿಕೊಂಡು ಬಂದಿದೆ. ನಮ್ಮ ಕರಾವಳಿಗೂ ಅಂಥದ್ದೊಂದು ಬೇಕು.

ನೆಂಟರ ಊಟದ ಲೆಕ್ಕವೂ ಹೀಗೆಯೇ. ನೀವು ಮೂವತ್ತು ಜನರಿಗೆ ಇಫ್ತಾರ್ ಮಾಡಿಸಿದರೆ ಆ ಮಾಂಸ, ಹಣ್ಣು, ಖರ್ಜೂರವೆಲ್ಲ ನಿಮ್ಮ ಮನೆಯ ಖರ್ಚಿಗೇ ಸೇರುತ್ತದೆ. ಉಂಡು ಹೋದವರ ಮನೆಯಲ್ಲಿ ಆ ದಿನ ಏನೂ ಬೇಯಲಿಲ್ಲ ಎಂದು ಬರೆಯುತ್ತಾರೆ. ಇದಕ್ಕೇ ಸಮೀಕ್ಷೆಯಲ್ಲಿ ಅತಿಥಿಗಳಿಗೆ ಬಡಿಸಿದ ಊಟಗಳೆಷ್ಟು ಎಂದೂ ಕೇಳುತ್ತಾರೆ, ಹೊರಗೆ ಉಂಡ ಊಟಗಳೆಷ್ಟು ಎಂದೂ ಕೇಳುತ್ತಾರೆ. ಸಮೀಕ್ಷೆಯನ್ನು ಒಂದೇ ತಿಂಗಳಲ್ಲಿ ಮುಗಿಸದೆ ವರ್ಷವಿಡೀ ಹರಡುವುದೂ ಹಬ್ಬ, ಸುಗ್ಗಿ, ಮಳೆಗಾಲಗಳೆಲ್ಲ ಸರಿಯಾಗಿ ಹಂಚಿಹೋಗಲಿ ಎಂದು. ರಮಝಾನ್ ಪ್ರತಿ ವರ್ಷ ಹತ್ತು ಹನ್ನೊಂದು ದಿನ ಹಿಂದೆ ಸರಿಯುತ್ತದಾದ್ದರಿಂದ ಒಂದೇ ತಿಂಗಳು ಸಮೀಕ್ಷೆ ಮಾಡಿದರೆ ಒಂದು ವರ್ಷದ ಲೆಕ್ಕ ಇನ್ನೊಂದು ವರ್ಷಕ್ಕೆ ಹೊಂದುವುದೇ ಇಲ್ಲ.

ನಿಮ್ಮ ಬಾಗಿಲಿಗೆ ಬಂದರೆ

2025ರ ಸೆಪ್ಟೆಂಬರ್ 22ರಂದು ನಮ್ಮ ರಾಜ್ಯದಲ್ಲಿ ಆರಂಭವಾದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಯಲ್ಲಿ ಅರವತ್ತು ಪ್ರಶ್ನೆಗಳಿದ್ದವು. ಕೇಳಲು ಬಂದವರು ಬಹುಪಾಲು ಶಾಲಾ ಶಿಕ್ಷಕರು. ಭಾಗವಹಿಸುವುದು ಜನರ ಇಚ್ಛೆಗೆ ಬಿಟ್ಟದ್ದು, ಮಾಹಿತಿ ಗೋಪ್ಯವಾಗಿರಬೇಕು ಎಂದು ಹೈಕೋರ್ಟ್ ಆಗ ಹೇಳಿತು. ಅದು ಎಲ್ಲ ಮನೆಗಳಿಗೂ ಹೊರಟಿದ್ದ ಸಮೀಕ್ಷೆ. ಆದರೆ ಬಾಗಿಲಲ್ಲಿ ನಡೆಯುವ ಮಾತುಕತೆಯ ಕಷ್ಟಗಳು ಎಲ್ಲ ಕಡೆಯೂ ಒಂದೇ.

ಯಾರೇ ಬರಲಿ, ಗುರುತಿನ ಚೀಟಿ ಕೇಳಿ. ಯಾವ ಇಲಾಖೆ, ಯಾಕಾಗಿ ಎಂದು ಕೇಳಿ. ಸರ್ಕಾರದ ಅಂಕಿಅಂಶ ಸಂಗ್ರಹಕ್ಕೆ 2008ರ ಕಾಯ್ದೆ ಇದೆ, ನಿಮ್ಮ ಗುರುತಿನೊಂದಿಗೆ ನಿಮ್ಮ ಉತ್ತರವನ್ನು ಬಹಿರಂಗಪಡಿಸುವಂತಿಲ್ಲ. ಖರ್ಚಿನ ಪ್ರಶ್ನೆಯಾದರೆ ಅಡುಗೆಮನೆಯ ಲೆಕ್ಕ ಗೊತ್ತಿರುವವರನ್ನು ಮುಂದೆ ಕೂರಿಸಿ. ಅದು ನೀವೇ ಆಗಿದ್ದರೆ ಬಾಗಿಲ ಹಿಂದಿನಿಂದ ಗಂಡನಿಗೆ ಸನ್ನೆ ಮಾಡುತ್ತಾ ನಿಲ್ಲಬೇಡಿ. 'ಏನು ಕೆಲಸ?' ಎಂದರೆ ಬೀಡಿಯನ್ನೂ ಹೊಲಿಗೆಯನ್ನೂ ಆಡನ್ನೂ ಹೇಳಿ. ಬರೆದುಕೊಂಡದ್ದನ್ನು ಒಮ್ಮೆ ಓದಿ ಹೇಳಿ ಎಂದು ಕೇಳುವುದರಲ್ಲಿ ತಪ್ಪೇನಿಲ್ಲ. ಹೆಚ್ಚು ಬಡತನ ತೋರಿಸಿದರೆ ಏನಾದರೂ ಸಿಕ್ಕೀತು ಎಂಬ ಆಸೆ, ಹೆಚ್ಚು ಆಸ್ತಿ ಹೇಳಿದರೆ ರೇಷನ್ ಕಾರ್ಡು ಹೋದೀತು ಎಂಬ ಭಯ ಎರಡೂ ಈ ಮಾದರಿ ಸಮೀಕ್ಷೆಗಳಲ್ಲಿ ಅನಗತ್ಯ. ಅವುಗಳಿಂದ ಯಾವ ಒಂದು ಮನೆಯ ಕಾರ್ಡೂ ಬರುವುದಿಲ್ಲ, ಹೋಗುವುದೂ ಇಲ್ಲ.

ಇಷ್ಟೆಲ್ಲ ಸುಧಾರಿಸಿದ ಮೇಲೂ ಖರ್ಚಿನ ಸಮೀಕ್ಷೆಯಲ್ಲಿ ಒಂದು ಲೆಕ್ಕ ಸಿಗುವುದಿಲ್ಲ. ಮನೆಯ ಒಟ್ಟು ಖರ್ಚನ್ನು ತಲೆಗಳ ಸಂಖ್ಯೆಯಿಂದ ಭಾಗಿಸಿ 'ಒಬ್ಬರಿಗೆ ಇಷ್ಟು' ಎಂದು ಬರೆಯುತ್ತಾರೆ. ಎಲ್ಲರೂ ಉಂಡೆದ್ದ ಮೇಲೆ ತಳದಲ್ಲಿ ಉಳಿದ ಸಾರಿನಲ್ಲಿ ಊಟ ಮುಗಿಸುವ ಸೊಸೆಗೂ, ಮೀನಿನ ದೊಡ್ಡ ತುಂಡು ಪಡೆದ ಮಗನಿಗೂ ಸಮಪಾಲು! ಪ್ರತಿಯೊಬ್ಬರು ದಿನಕ್ಕೆ ಎಷ್ಟು ಹೊತ್ತು ಉಣ್ಣುತ್ತಾರೆ ಎಂದು ಕೇಳುತ್ತಾರೆ, ತಟ್ಟೆಯಲ್ಲಿ ಏನಿತ್ತು ಎಂದು ಕೇಳುವುದಿಲ್ಲ. ಕೇಳಲು ಸಾಧ್ಯವೇ ಇಲ್ಲವೆಂದಲ್ಲ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯವರು 1972ರಲ್ಲಿ ಆರಂಭಿಸಿದ ಪೋಷಣೆಯ ಸಮೀಕ್ಷೆಗಳಲ್ಲಿ ಅಳತೆಯ ಬಟ್ಟಲುಗಳನ್ನು ಹಿಡಿದು ಕರ್ನಾಟಕದ ಹಳ್ಳಿಗಳಿಗೂ ಬರುತ್ತಿದ್ದರು. ನಿನ್ನೆ ನೀವು ಎಷ್ಟು ಬಟ್ಟಲು ಅನ್ನ ಉಂಡಿರಿ, ಎಷ್ಟು ಸಾರು, ಮಗುವಿಗೆ ಎಷ್ಟು ಹಾಲು ಎಂದು ಒಬ್ಬೊಬ್ಬರನ್ನೇ ಕೇಳಿ, ಬಟ್ಟಲು ತೋರಿಸಿ ಬರೆದುಕೊಳ್ಳುತ್ತಿದ್ದರು. ಅದಕ್ಕೆ ಹೆಚ್ಚು ಸಮಯ ಬೇಕು, ಹೆಚ್ಚು ಹಣ ಬೇಕು, ಮತ್ತು ಸೊಸೆಯನ್ನು ಕರೆದು ಕೂರಿಸಿ ಕೇಳುವ ತಾಳ್ಮೆ ಬೇಕು.